ಇಪ್ಪತ್ತಾರನೇ ವಯಸ್ಸಿಗೆ ಲೆಕ್ಕ ಕಲಿತ ತತ್ವಜ್ಞಾನಿ

ದಸರಾ ರಜೆಗೆ ಎರಡು ದಿನ ಮುಂಚೆ ನನ್ನ ಮೊಮ್ಮಗಳು ಶಾಲೆಯಿಂದ ಬಂದವಳೇ ಬ್ಯಾಗನ್ನು ಸೋಫಾದ ಹಿಂದೆ ತಳ್ಳಿ ಹಿತ್ತಲಿಗೆ ಓಡಿದಳು. ಏಳನೇ ತರಗತಿಯ ಹುಡುಗಿ. ದಿನಾ ಬಂದ ಕೂಡಲೇ "ಅಜ್ಜಿ, ತಿನ್ನಕ್ಕೆ ಏನಿದೆ?" ಎಂದು ಕೇಳುವವಳು ಅಂದು ಕೇಳಲಿಲ್ಲ. ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಕುಳಿತವನು ನಾನು. ಕೌಂಟರಿನ ಆಚೆ ನಿಂತವರ ಮುಖ ನೋಡಿಯೇ ಖಾತೆಯಲ್ಲಿ ಎಷ್ಟಿದೆ ಎಂದು ಊಹಿಸುತ್ತಿದ್ದೆ. ಇವಳ ಖಾತೆಯಲ್ಲೂ ಏನೋ ಕಡಿಮೆ ಬಿದ್ದಿದೆ ಅನ್ನಿಸಿತು.

ಸಂಜೆ ಅವಳೇ ಉತ್ತರ ಪತ್ರಿಕೆ ತಂದು ತೋರಿಸಿದಳು. ಗಣಿತ. 40ಕ್ಕೆ 11.

"ತಾತ, ನಂಗೆ ಮ್ಯಾಥ್ಸ್ ಬರಲ್ಲ. ಅಣ್ಣಂಗೆ ಬರುತ್ತೆ. ಅದು ಹುಟ್ಟಿದಾಗಲೇ ಬಂದಿರಬೇಕಂತೆ."

"ಯಾರು ಹೇಳಿದ್ದು?"

"ಎಲ್ರೂ ಹೇಳ್ತಾರೆ."

ಅವಳ ಅಣ್ಣ ಎರಡನೇ ಪಿಯುಸಿ. ಅವನ ಗಣಿತ ಪುಸ್ತಕ ಮೇಜಿನ ಮೇಲೆ ತೆರೆದೇ ಇತ್ತು. ಪುಟದ ತುಂಬಾ ಒಂದೇ ಗುರುತು. ಹೆಡೆ ಎತ್ತಿ ಬಾಲ ಮಡಿಸಿ ನಿಂತ ಹಾವಿನ ಹಾಗೆ: ∫. ಮೊಮ್ಮಗಳು ಅದನ್ನೇ ತೋರಿಸಿ, "ಈ ಹಾವು ಏನು ತಾತ? ನಿಮಗೆ ಗೊತ್ತಾ?" ಎಂದಳು.

ನನಗೂ ಗೊತ್ತಿರಲಿಲ್ಲ. ನಾನು ಓದಿದ್ದು ಬಿ.ಕಾಂ. ಜಮಾ, ಖರ್ಚು, ಬಡ್ಡಿ, ಚಕ್ರಬಡ್ಡಿ ಇವೆಲ್ಲ ಗೊತ್ತು. ಈ ಹಾವನ್ನು ನಮಗೆ ಯಾರೂ ತೋರಿಸಿರಲಿಲ್ಲ. "ಗೊತ್ತಿಲ್ಲ ಪುಟ್ಟೀ, ತಿಳ್ಕೊಂಡು ಹೇಳ್ತೀನಿ" ಎಂದೆ. ಎಪ್ಪತ್ತಮೂರನೇ ವಯಸ್ಸಿನಲ್ಲಿ ಹಾಗೆ ಹೇಳಿ ಗ್ರಂಥಾಲಯದ ಮೆಟ್ಟಿಲು ಹತ್ತಿದವನಿಗೆ ಅಲ್ಲಿ ಸಿಕ್ಕವನು ಒಬ್ಬ ತತ್ವಜ್ಞಾನಿ. ಹೆಸರು ಗಾಟ್‌ಫ್ರೀಡ್ ವಿಲ್ಹೆಲ್ಮ್ ಲೈಬ್ನಿಜ್. ಆ ಹಾವನ್ನು ಮೊದಲು ಬರೆದವನು ಅವನೇ. ಅವನೂ ಗಣಿತದಲ್ಲಿ ಒಮ್ಮೆ ನಾಲ್ಕು ಜನರ ಮುಂದೆ ಮುಖ ಕೆಳಗೆ ಹಾಕಿದ್ದವನು. ಆ ಕಥೆಯನ್ನು ಮೊಮ್ಮಗಳಿಗೆ ಹೇಳಿದ ಹಾಗೆಯೇ ಇಲ್ಲಿ ಹೇಳುತ್ತೇನೆ. ಮಕ್ಕಳು ಒಂದು ಪೆನ್ಸಿಲ್ಲು ಕಾಗದ ಇಟ್ಟುಕೊಳ್ಳಿ. ನನ್ನ ವಯಸ್ಸಿನವರು ಕನ್ನಡಕ ಹಾಕಿಕೊಳ್ಳಿ.

ಅಪ್ಪನ ಪುಸ್ತಕದ ಕೋಣೆ

ಲೈಬ್ನಿಜ್ ಹುಟ್ಟಿದ್ದು 1646ರಲ್ಲಿ, ಜರ್ಮನಿಯ ಲೈಪ್ಸಿಗ್ ಪಟ್ಟಣದಲ್ಲಿ. ಮೂವತ್ತು ವರ್ಷ ನಡೆದ ಒಂದು ದೊಡ್ಡ ಯುದ್ಧ ಇನ್ನೂ ಮುಗಿದಿರಲಿಲ್ಲ. ತಂದೆ ವಿಶ್ವವಿದ್ಯಾಲಯದಲ್ಲಿ ನೀತಿಶಾಸ್ತ್ರದ ಪ್ರಾಧ್ಯಾಪಕರು. ಮಗನಿಗೆ ಆರು ವರ್ಷವಾದಾಗ ಅವರು ತೀರಿಕೊಂಡರು. ಬಿಟ್ಟುಹೋದದ್ದು ಪುಸ್ತಕಗಳು ತುಂಬಿದ ಒಂದು ಕೋಣೆ.

ಪುಸ್ತಕಗಳೆಲ್ಲ ಹೆಚ್ಚಾಗಿ ಲ್ಯಾಟಿನ್ ಭಾಷೆಯವು. ಹುಡುಗ ಚಿತ್ರಗಳಿದ್ದ ಒಂದು ರೋಮನ್ ಇತಿಹಾಸದ ಪುಸ್ತಕ ಹಿಡಿದು, ಚಿತ್ರ ನೋಡುತ್ತಾ ಅಡಿಬರಹದ ಅರ್ಥ ಊಹಿಸುತ್ತಾ ಲ್ಯಾಟಿನ್ ಕಲಿತ. ಆಮೇಲೆ ತರ್ಕಶಾಸ್ತ್ರ, ದರ್ಶನ, ಧರ್ಮಶಾಸ್ತ್ರ ಎಲ್ಲವನ್ನೂ ಓದಿದ. ಹದಿನೈದರ ಹೊತ್ತಿಗೆ ವಿಶ್ವವಿದ್ಯಾಲಯ ಸೇರಿದ. ಓದಿದ್ದು ತತ್ವಶಾಸ್ತ್ರ ಮತ್ತು ಕಾನೂನು. ಗಣಿತ? ಆಗ ಅಲ್ಲಿ ಕಲಿಸುತ್ತಿದ್ದದ್ದು ಅಷ್ಟಕ್ಕಷ್ಟೆ. ಇಟಲಿ, ಫ್ರಾನ್ಸ್, ಹಾಲೆಂಡ್, ಇಂಗ್ಲೆಂಡ್‌ಗಳಲ್ಲಿ ನಡೆಯುತ್ತಿದ್ದ ಹೊಸ ಗಣಿತದ ಗಾಳಿ ಅವನ ತನಕ ಸರಿಯಾಗಿ ಬೀಸಿಯೇ ಇರಲಿಲ್ಲ.

ಆದರೂ 1666ರಲ್ಲಿ, ಇಪ್ಪತ್ತು ವರ್ಷಕ್ಕೆ, ಅವನೊಂದು ಪುಸ್ತಕ ಬರೆದ. ವಿಷಯ, ಜೋಡಣೆಯ ಕಲೆ. ನಮ್ಮ ವರ್ಣಮಾಲೆಯಲ್ಲಿ ಇರುವುದು ಐವತ್ತರ ಆಸುಪಾಸು ಅಕ್ಷರ. ಅಷ್ಟನ್ನೇ ಹಿಂದೆ ಮುಂದೆ ಜೋಡಿಸಿ ಲಕ್ಷಾಂತರ ಪದ ಮಾಡುತ್ತೇವೆ. ಹಾಗೆಯೇ ಮನುಷ್ಯರ ಯೋಚನೆಗಳಿಗೂ ಒಂದು ಮೂಲ ವರ್ಣಮಾಲೆ ಇರಬೇಕಲ್ಲವೇ? ಅದು ಸಿಕ್ಕರೆ, ಲೆಕ್ಕ ಮಾಡುವ ಹಾಗೆ ಯೋಚನೆಯನ್ನೂ ಮಾಡಬಹುದಲ್ಲವೇ? ಇದು ಹುಡುಗನ ಕನಸು. ಪುಸ್ತಕದಲ್ಲಿದ್ದ ಗಣಿತ ಸಾಧಾರಣವಾದದ್ದು. ಕನಸು ಮಾತ್ರ ದೊಡ್ಡದು. ಎಲ್ಲಕ್ಕೂ ಸರಿಯಾದ ಗುರುತು ಹುಡುಕಬೇಕೆಂಬ ಈ ಹಂಬಲ ಅವನನ್ನು ಕೊನೆಯವರೆಗೂ ಬಿಡಲಿಲ್ಲ.

ಅದೇ ವರ್ಷ ಲೈಪ್ಸಿಗ್‌ನಲ್ಲಿ ಅವನಿಗೆ ಕಾನೂನಿನ ಡಾಕ್ಟರೇಟ್ ಸಿಗಲಿಲ್ಲ. ಅವನು ಊರು ಬಿಟ್ಟು ಆಲ್ಟ್‌ಡಾರ್ಫ್ ಎಂಬಲ್ಲಿಗೆ ಹೋಗಿ ಪದವಿ ಪಡೆದ. ಅಲ್ಲಿ ಪ್ರಾಧ್ಯಾಪಕನ ಕೆಲಸ ಕೊಡುತ್ತೇವೆಂದರೂ ಒಲ್ಲೆನೆಂದು ಮೈಂಟ್ಸ್ ಸಂಸ್ಥಾನದ ಚಾಕರಿಗೆ ಸೇರಿದ.

ಒಂದು ಹೋಳಿಗೆಯ ಲೆಕ್ಕ

1672ರಲ್ಲಿ ಆ ಸಂಸ್ಥಾನದ ರಾಜಕಾರಣದ ಕೆಲಸದ ಮೇಲೆ ಲೈಬ್ನಿಜ್ ಪ್ಯಾರಿಸ್ಸಿಗೆ ಬಂದ. ಬಂದ ಕೆಲಸ ಆಗಲಿಲ್ಲ. ಆದರೆ ಅಲ್ಲಿ ಕ್ರಿಸ್ಟಿಯಾನ್ ಹೈಗನ್ಸ್ ಎಂಬ ದೊಡ್ಡ ವಿಜ್ಞಾನಿಯ ಪರಿಚಯವಾಯಿತು. ಲೋಲಕದ ಗಡಿಯಾರ ಮಾಡಿದವರು, ಶನಿಗ್ರಹದ ಸುತ್ತ ಇರುವುದು ಬಳೆ ಎಂದು ತಿಳಿಸಿದವರು ಅವರೇ. ಆಗ ಲೈಬ್ನಿಜ್‌ಗೆ ಇಪ್ಪತ್ತಾರು ವರ್ಷ.

ಮಾತಿನ ನಡುವೆ ಲೈಬ್ನಿಜ್ ತಾನು ಸಂಖ್ಯೆಗಳ ಬಗ್ಗೆ ಕಂಡುಕೊಂಡ ಒಂದು ಸಣ್ಣ ಸಂಗತಿ ಹೇಳಿದ. ಹೈಗನ್ಸ್ ಅವನನ್ನು ಪರೀಕ್ಷಿಸಲು ಒಂದು ಲೆಕ್ಕ ಕೊಟ್ಟರು.

ಮೊದಲು ಆ ಸಣ್ಣ ಸಂಗತಿ ನೋಡೋಣ. 0, 1, 4, 9, 16, 25 ಎಂದು ವರ್ಗ ಸಂಖ್ಯೆಗಳನ್ನು ಬರೆಯಿರಿ. ಪಕ್ಕಪಕ್ಕದವುಗಳ ವ್ಯತ್ಯಾಸ ತೆಗೆಯಿರಿ. 1, 3, 5, 7, 9 ಬಂತೇ? ಈಗ ಈ ವ್ಯತ್ಯಾಸಗಳನ್ನೆಲ್ಲ ಕೂಡಿ. ಮೊತ್ತ 25. ಅಂದರೆ ಮೇಲಿನ ಸಾಲಿನ ಕೊನೆಯ ಸಂಖ್ಯೆಯಲ್ಲಿ ಮೊದಲಿನದನ್ನು ಕಳೆದಷ್ಟು. ಯಾವ ಸಂಖ್ಯೆಗಳನ್ನು ತೆಗೆದುಕೊಂಡರೂ ಹೀಗೆಯೇ. ವ್ಯತ್ಯಾಸಗಳ ಮೊತ್ತ ಎಂದರೆ ಕೊನೆಯದರಲ್ಲಿ ಮೊದಲನೆಯದನ್ನು ಕಳೆದದ್ದು.

ಇದನ್ನು ಓದಿದಾಗ ನಾನು ಗ್ರಂಥಾಲಯದ ಕುರ್ಚಿಯಲ್ಲೇ ಒಮ್ಮೆ ನೆಟ್ಟಗೆ ಕುಳಿತೆ. ಇದು ಪಾಸ್‌ಬುಕ್ಕು! ತಿಂಗಳ ಮೊದಲು ನಿಮ್ಮ ಶಿಲ್ಕು 500 ರೂಪಾಯಿ. ಆಮೇಲೆ 300 ಕಟ್ಟಿದಿರಿ, 150 ತೆಗೆದಿರಿ, 500 ಕಟ್ಟಿದಿರಿ, ಮತ್ತೆ 150 ತೆಗೆದಿರಿ. ಶಿಲ್ಕು 800, 650, 1,150, 1,000 ಎಂದು ಏರಿಳಿಯಿತು. ನೀವು ಕಟ್ಟಿದ್ದು, ತೆಗೆದದ್ದು ಎಲ್ಲವೂ ವ್ಯತ್ಯಾಸಗಳು. ಎಲ್ಲ ಸೇರಿಸಿದರೆ 500. ಕೊನೆಯ ಶಿಲ್ಕಿನಲ್ಲಿ ಮೊದಲಿನ ಶಿಲ್ಕು ಕಳೆದರೂ 500. ಎರಡೂ ಒಂದಾದರೆ ಟ್ಯಾಲಿ ಆಯಿತು, ಮನೆಗೆ ಹೋಗಬಹುದು. ಆಗದಿದ್ದರೆ ರಾತ್ರಿಯೆಲ್ಲ ಲೆಡ್ಜರ್ ತಿರುವಿ ಹಾಕಬೇಕು. ತಿಪಟೂರಿನ ಶಾಖೆಯಲ್ಲಿ ಅರ್ಧವಾರ್ಷಿಕ ಲೆಕ್ಕ ಮುಗಿಸುವಾಗ ಒಂಬತ್ತು ರೂಪಾಯಿ ವ್ಯತ್ಯಾಸಕ್ಕಾಗಿ ಬೆಳಗಿನ ಮೂರು ಗಂಟೆಯವರೆಗೆ ನಾವು ನಾಲ್ಕು ಜನ ಕುಳಿತಿದ್ದೆವು. ಯಾರೋ 54ನ್ನು 45 ಎಂದು ಇಳಿಸಿಕೊಂಡಿದ್ದರು. ಜೀವಮಾನವಿಡೀ ಈ ನಿಯಮದ ಮೇಲೆಯೇ ಅನ್ನ ತಿಂದ ನಾನು, ಇದರೊಳಗೆ ಇನ್ನೇನಿದೆ ಎಂದು ಒಂದು ದಿನವೂ ಕೇಳಿರಲಿಲ್ಲ. ಲೈಬ್ನಿಜ್ ಕೇಳಿದ.

ಈಗ ಹೈಗನ್ಸ್ ಕೊಟ್ಟ ಲೆಕ್ಕ. ಹುಣಸೆ ಬೀಜಗಳನ್ನು ತ್ರಿಕೋನದಲ್ಲಿ ಜೋಡಿಸಿ. ಮೊದಲ ಸಾಲಿಗೆ ಒಂದು, ಎರಡನೇ ಸಾಲಿಗೆ ಎರಡು, ಮೂರನೆಯದಕ್ಕೆ ಮೂರು. ಒಟ್ಟು ಬೀಜ 1, 3, 6, 10, 15 ಎಂದು ಬೆಳೆಯುತ್ತದೆ. ಇವು ತ್ರಿಕೋನ ಸಂಖ್ಯೆಗಳು. ಇವುಗಳನ್ನು ತಲೆಕೆಳಗು ಮಾಡಿ ಕೂಡಬೇಕು. 1 + 1/3 + 1/6 + 1/10 + 1/15 ಹೀಗೆ ಕೊನೆಯೇ ಇಲ್ಲದೆ ಕೂಡುತ್ತಾ ಹೋದರೆ ಮೊತ್ತವೆಷ್ಟು?

ಕೊನೆಯಿಲ್ಲದ್ದನ್ನು ಕೂಡುವುದು ಹೇಗೆ? ಲೈಬ್ನಿಜ್ ಕೂಡಲಿಲ್ಲ, ವ್ಯತ್ಯಾಸ ಹುಡುಕಿದ. ನಾನು ಅದನ್ನು ಮೊಮ್ಮಗಳಿಗೆ ಹೋಳಿಗೆಯಲ್ಲಿ ಹೇಳಿದೆ.

"ತಟ್ಟೆಯಲ್ಲಿ ಒಂದು ಹೋಳಿಗೆ ಇದೆ. ಮೊದಲು ಅರ್ಧ ತಿಂದೆ. ಉಳಿದದ್ದು ಅರ್ಧ. ಆಮೇಲೆ ಸ್ವಲ್ಪ ತಿಂದು ಮೂರನೇ ಒಂದು ಭಾಗ ಉಳಿಸಿದೆ. ಹಾಗಾದರೆ ಎರಡನೇ ಸಲ ತಿಂದದ್ದೆಷ್ಟು?"

ಅವಳು ಕಾಗದದ ಮೇಲೆ ಕಳೆದಳು. "1/2ರಲ್ಲಿ 1/3 ಹೋದರೆ 1/6."

"ಮೂರನೇ ಸಲ ತಿಂದು ಕಾಲು ಉಳಿಸಿದೆ."

"1/3ರಲ್ಲಿ 1/4 ಹೋದರೆ 1/12. ಆಮೇಲೆ 1/20."

"ಹೀಗೆ ತಿಂತಾನೇ ಇದ್ದರೆ?"

"ತಟ್ಟೇಲಿ ಉಳಿಯೋದು ಚೂರು ಚೂರೇ ಕಮ್ಮಿ ಆಗ್ತಾ ಹೋಗುತ್ತೆ. ಪೂರ್ತಿ ಹೋಳಿಗೆ ಮುಗಿದ ಹಾಗೇ."

ಅಂದರೆ 1/2 + 1/6 + 1/12 + 1/20 ಎಂದು ಕೂಡುತ್ತಾ ಹೋದರೆ ಒಂದು ಹೋಳಿಗೆ. ಈಗ ಹೈಗನ್ಸರ ಸಂಖ್ಯೆಗಳನ್ನು ನೋಡಿ. 1 ಎಂಬುದು 1/2ರ ಎರಡರಷ್ಟು. 1/3 ಎಂಬುದು 1/6ರ ಎರಡರಷ್ಟು. 1/6 ಎಂಬುದು 1/12ರ ಎರಡರಷ್ಟು. ಎಲ್ಲವೂ ಎರಡರಷ್ಟು. ಹಾಗಾದರೆ ಉತ್ತರ ಎರಡು ಹೋಳಿಗೆ. ಲೈಬ್ನಿಜ್ ಹೇಳಿದ ಉತ್ತರ ಅದೇ, 2. ಹೈಗನ್ಸರಿಗೆ ಹುಡುಗ ಮೆಚ್ಚುಗೆಯಾದ.

ಮುಖಭಂಗ

ಇಷ್ಟಕ್ಕೇ ಕಥೆ ನಿಂತಿದ್ದರೆ, ಜಾಣ ಹುಡುಗ ಜಾಣನಾಗಿಯೇ ಇದ್ದ ಎಂದು ಮುಗಿಸಬಹುದಿತ್ತು. ಆದರೆ 1673ರ ಆರಂಭದಲ್ಲಿ ಲೈಬ್ನಿಜ್ ಲಂಡನ್ನಿಗೆ ಹೋದ. ಕಂಕುಳಲ್ಲಿ ಒಂದು ಲೆಕ್ಕದ ಯಂತ್ರದ ಮಾದರಿ. ಫ್ರಾನ್ಸಿನ ಪ್ಯಾಸ್ಕಲ್ ಎಂಬಾತ ತೆರಿಗೆ ಲೆಕ್ಕ ಬರೆಯುತ್ತಿದ್ದ ತನ್ನ ತಂದೆಗಾಗಿ ಮೊದಲೇ ಒಂದು ಯಂತ್ರ ಮಾಡಿದ್ದ. ಅದು ಕೂಡಿ ಕಳೆಯುವುದಕ್ಕೆ ಮಾಡಿದ್ದು. ಲೈಬ್ನಿಜ್‌ನದು ಗುಣಾಕಾರ, ಭಾಗಾಕಾರವನ್ನೂ ಮಾಡಬೇಕೆಂಬ ಯಂತ್ರ. ಹಿಡಿ ತಿರುಗಿಸಿದಷ್ಟು ಸಲ ಸಂಖ್ಯೆ ಕೂಡುತ್ತಾ ಹೋಗುತ್ತದೆ. 27ನ್ನು ನಾಲ್ಕರಿಂದ ಗುಣಿಸಬೇಕೇ? ನಾಲ್ಕು ಸುತ್ತು ತಿರುಗಿಸಿ. ಎಪ್ಪತ್ತರ ದಶಕದಲ್ಲಿ ನಮ್ಮ ಶಾಖೆಯಲ್ಲೂ ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರವಿತ್ತು. ಗರಗರ ಸದ್ದು ಮಾಡುತ್ತಾ ಅದೂ ಹೀಗೆಯೇ ಗುಣಿಸುತ್ತಿತ್ತು. ನನ್ನ ವಯಸ್ಸಿನವರಿಗೆ ಆ ಸದ್ದು ನೆನಪಿರಬಹುದು.

ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಯಂತ್ರ ತೋರಿಸಿದಾಗ ಅದಿನ್ನೂ ಪೂರ್ತಿಯಾಗಿರಲಿಲ್ಲ. ಅಲ್ಲಿನ ಜನ ಮೆಚ್ಚಿದರೂ ಪೂರ್ತಿ ಮಾಡಿ ತಾ ಎಂದರು.

ಕೆಲವು ದಿನಗಳ ಮೇಲೆ ರಾಬರ್ಟ್ ಬಾಯ್ಲ್ ಎಂಬ ವಿಜ್ಞಾನಿಯ ಮನೆಯಲ್ಲಿ ನಾಲ್ಕು ಜನ ಸೇರಿದ್ದಾಗ ಲೈಬ್ನಿಜ್ ಉತ್ಸಾಹದಿಂದ ತನ್ನ ವ್ಯತ್ಯಾಸಗಳ ವಿಧಾನವನ್ನು ವಿವರಿಸಿದ. ಜಾನ್ ಪೆಲ್ ಎಂಬ ಗಣಿತಜ್ಞರು ಕೇಳಿ, ಇದೇನು ಹೊಸದಲ್ಲ, ಫ್ರಾನ್ಸಿನ ಲಿಯಾನ್ ಪಟ್ಟಣದ ಮೂಟನ್ ಎಂಬ ಪಾದ್ರಿಯ ಪುಸ್ತಕದಲ್ಲಿ ಆಗಲೇ ಇದೆ ಎಂದುಬಿಟ್ಟರು. ಲೈಬ್ನಿಜ್ ಆ ಪುಸ್ತಕದ ಹೆಸರನ್ನೇ ಕೇಳಿರಲಿಲ್ಲ. ತೆಗೆದು ನೋಡಿದರೆ ಪೆಲ್ ಹೇಳಿದ್ದು ನಿಜ. ಬೇರೆಯವರದ್ದನ್ನು ಕದ್ದೆ ಎಂದು ಜನ ಎಲ್ಲಿ ತಿಳಿಯುತ್ತಾರೋ ಎಂದು ಗಾಬರಿಯಾಗಿ, ತಾನು ಅದನ್ನು ಹೇಗೆ ಸ್ವಂತವಾಗಿ ಕಂಡುಕೊಂಡೆ ಎಂದು ಕೂತು ಸಮಜಾಯಿಷಿ ಬರೆದುಕೊಟ್ಟ.

ಪ್ಯಾರಿಸ್ಸಿಗೆ ಹಿಂತಿರುಗಿದ ಮೇಲೆ ಇನ್ನೊಂದು ಪೆಟ್ಟು. ಹೈಗನ್ಸರ ಜೊತೆ ಮಾತಾಡುವಾಗ, ಯಾವುದೇ ಆಕೃತಿಯ ಗುರುತ್ವಕೇಂದ್ರದ ಮೂಲಕ ಹೇಗೆ ಗೆರೆ ಎಳೆದರೂ ಆಕೃತಿ ಎರಡು ಸಮಭಾಗವಾಗುತ್ತದೆ ಎಂದು ಬಾಯಿ ಬಿಟ್ಟ. ಹೈಗನ್ಸ್ ನಕ್ಕರು. ನೀವೂ ರಟ್ಟಿನಲ್ಲಿ ಒಂದು ತ್ರಿಕೋನ ಕತ್ತರಿಸಿ ನೋಡಬಹುದು. ಪೆನ್ಸಿಲ್ ತುದಿಯ ಮೇಲೆ ರಟ್ಟು ಅಲ್ಲಾಡದೆ ನಿಲ್ಲುವ ಜಾಗವೇ ಗುರುತ್ವಕೇಂದ್ರ. ಅದರ ಮೂಲಕ ತಳಕ್ಕೆ ಸಮಾನಾಂತರವಾಗಿ ಗೆರೆ ಎಳೆದು ಕತ್ತರಿಸಿದರೆ ಮೇಲಿನ ತುಂಡು ಒಂಬತ್ತರಲ್ಲಿ ನಾಲ್ಕು ಪಾಲು, ಕೆಳಗಿನದು ಐದು ಪಾಲು. ಸಮವಲ್ಲ.

ಇಲ್ಲಿಗೆ ಬಂದಾಗ ಮೊಮ್ಮಗಳು ಕೇಳಿದಳು: "ಅವರು ನಕ್ಕಾಗ ಅವನು ಏನ್ ಮಾಡ್ದ ತಾತ?"

ಇದೇ ಕಥೆಯ ತಿರುವು. ಅವನು ಪುಸ್ತಕ ಕೇಳಿದ. ಯಾವುದನ್ನು ಓದಬೇಕೆಂದು ಹೈಗನ್ಸ್ ಪಟ್ಟಿ ಹೇಳಿದರು, ಓದಿದ. ತಾನು ಬಹಳ ತಿಳಿದವನು ಎಂಬ ಪೊಗರು ಇಳಿದಿತ್ತು. ಅಲ್ಲಿಯವರೆಗೆ ಗಣಿತದ ಪುಸ್ತಕಗಳನ್ನು ಕಾದಂಬರಿಯಂತೆ ಮೇಲೆ ಮೇಲೆ ಓದಿ ಮುಗಿಸುತ್ತಿದ್ದವನು ಈಗ ಪೆನ್ನು ಹಿಡಿದು ಸಾಲು ಸಾಲಾಗಿ ಓದಿದ. ಮೈಂಟ್ಸ್‌ನಲ್ಲಿ ಆಸರೆಯಾಗಿದ್ದ ಧಣಿಗಳಿಬ್ಬರೂ ಅಷ್ಟರಲ್ಲಿ ತೀರಿಕೊಂಡಿದ್ದರು. ಕೆಲಸ ಭದ್ರವಿಲ್ಲ, ಊರು ಪರದೇಶ. ಆದರೂ ಓದು ಬಿಡಲಿಲ್ಲ.

ಪ್ಯಾಸ್ಕಲ್‌ನ ಬರಹ ಓದುವಾಗ ಅವನಿಗೆ ಬೆಳಕು ಹೊಳೆಯಿತು. ವೃತ್ತದ ಅಂಚಿನಲ್ಲಿ ಪ್ಯಾಸ್ಕಲ್ ಒಂದು ಪುಟ್ಟ ತ್ರಿಕೋನ ಎಳೆದು ಲೆಕ್ಕ ಮಾಡಿದ್ದ. ಇದು ವೃತ್ತಕ್ಕೇ ಏಕೆ, ಎಂಥ ವಕ್ರರೇಖೆಗೂ ಆಗುತ್ತದಲ್ಲ ಎಂದು ಲೈಬ್ನಿಜ್‌ಗೆ ಕಂಡಿತು. ಪ್ಯಾಸ್ಕಲ್ ಅದೇ ಬಾಗಿಲಲ್ಲಿ ನಿಂತಿದ್ದ, ಒಳಗೆ ಹೋಗಿರಲಿಲ್ಲ.

ಸ್ವಲ್ಪ ಸಮಯದಲ್ಲೇ ಅವನು ವೃತ್ತದ ಬಗ್ಗೆ ಒಂದು ಚೆಲುವಾದ ಶ್ರೇಢಿ ಕಂಡುಕೊಂಡ. 1 − 1/3 + 1/5 − 1/7 + 1/9 ಎಂದು ಕೂಡುತ್ತಾ ಕಳೆಯುತ್ತಾ ಹೋದರೆ ಬರುವುದು ಪೈ ಸಂಖ್ಯೆಯ ನಾಲ್ಕನೇ ಒಂದು ಭಾಗ. ಬರೀ ಬೆಸ ಸಂಖ್ಯೆಗಳಿಂದ ವೃತ್ತ! ಇದರಲ್ಲೂ ಒಂದು ಸಂಗತಿ ಇದೆ. ನಮ್ಮ ನೆರೆಯ ಕೇರಳದ ಸಂಗಮಗ್ರಾಮದ ಮಾಧವ 14ನೇ ಶತಮಾನದ ಹೊತ್ತಿಗೇ ಈ ಶ್ರೇಢಿಯನ್ನು ಕಂಡಿದ್ದ ಎಂದು ವಿದ್ವಾಂಸರು ಹೇಳುತ್ತಾರೆ. ಅವನ ಶಿಷ್ಯಪರಂಪರೆಯ ಜ್ಯೇಷ್ಠದೇವ 16ನೇ ಶತಮಾನದಲ್ಲಿ ಮಲಯಾಳದಲ್ಲಿ ಬರೆದ 'ಯುಕ್ತಿಭಾಷಾ'ದಲ್ಲಿ ಇದರ ವಿವರಣೆಯಿದೆ. ಸ್ಕಾಟ್ಲೆಂಡಿನ ಜೇಮ್ಸ್ ಗ್ರೆಗರಿಗೂ ಇದಕ್ಕೆ ತಾಯಿಯಂಥ ಶ್ರೇಢಿ ಲೈಬ್ನಿಜ್‌ಗಿಂತ ಸ್ವಲ್ಪ ಮುಂಚೆ ಸಿಕ್ಕಿತ್ತು. ನಿಜವಾದದ್ದು ಯಾರ ಬಾವಿಯಲ್ಲಿ ತೋಡಿದರೂ ಸಿಗುವ ನೀರಿನಂತೆ.

ಹಾವು ಹುಟ್ಟಿದ ದಿನ

ಈಗ ಪಾಸ್‌ಬುಕ್ಕಿಗೆ ವಾಪಸು ಬರೋಣ. ಪಾಸ್‌ಬುಕ್ಕಿನಲ್ಲಿ ದಿನಕ್ಕೊಂದು ಸಾಲು. ದಿನಕ್ಕೊಂದರ ಬದಲು ಗಂಟೆಗೊಂದು ಸಾಲು ಬರೆದರೆ? ನಿಮಿಷಕ್ಕೊಂದು? ಕಣ್ಣು ಮಿಟುಕಿಸುವುದರೊಳಗೆ ಸಾವಿರ ಸಾಲು? ಒಂದೊಂದು ಸಾಲಿನ ವ್ಯತ್ಯಾಸ ಎಳ್ಳಿಗಿಂತ ಸಣ್ಣದಾಗುತ್ತದೆ. ಆದರೂ ಎಲ್ಲ ಕೂಡಿದರೆ ಕೊನೆಯ ಶಿಲ್ಕು ತಪ್ಪುವುದಿಲ್ಲ. ಬಾಗಿದ ಗೆರೆಯ ಕೆಳಗಿನ ಜಾಗವನ್ನು ಅಳೆಯುವುದೂ ಹೀಗೆಯೇ. ಅದನ್ನು ಶ್ಯಾವಿಗೆಯಂಥ ಸಣ್ಣ ಪಟ್ಟಿಗಳಾಗಿ ಮಾಡಿ ಕೂಡಬೇಕು. ಗೆರೆ ಒಂದೊಂದು ಜಾಗದಲ್ಲಿ ಎಷ್ಟು ಕಡಿದಾಗಿ ಏರುತ್ತದೆ ಎಂದು ತಿಳಿಯಲು ಸಣ್ಣ ಸಣ್ಣ ವ್ಯತ್ಯಾಸ ತೆಗೆಯಬೇಕು. ಕೂಡುವುದು, ವ್ಯತ್ಯಾಸ ತೆಗೆಯುವುದು. ಒಂದು ಗಂಟು ಹಾಕುತ್ತದೆ, ಇನ್ನೊಂದು ಬಿಚ್ಚುತ್ತದೆ. ಹೈಗನ್ಸರ ಹೋಳಿಗೆಯಲ್ಲಿದ್ದ ಗುಟ್ಟೇ ಇಲ್ಲೂ ಇದೆ.

1675ರ ಅಕ್ಟೋಬರ್ 29ರಂದು ಪ್ಯಾರಿಸ್ಸಿನಲ್ಲಿ ಕುಳಿತು ಬರೆಯುತ್ತಿದ್ದ ಲೈಬ್ನಿಜ್, ಪದೇ ಪದೇ 'ಎಲ್ಲವನ್ನೂ ಕೂಡು' ಎಂಬರ್ಥದ ಪದ ಬರೆಯುವ ಬದಲು ಒಂದು ಗುರುತು ಹಾಕಿದರೆ ಒಳ್ಳೆಯದು ಎಂದುಕೊಂಡ. ಲ್ಯಾಟಿನ್ನಿನಲ್ಲಿ ಮೊತ್ತಕ್ಕೆ 'ಸುಮ್ಮಾ' ಎನ್ನುತ್ತಾರೆ. ಅದರ ಮೊದಲ ಅಕ್ಷರ 'ಎಸ್'. ಆಗ ಅದನ್ನು ಉದ್ದಕ್ಕೆ ಎಳೆದು ಬರೆಯುವ ರೂಢಿಯಿತ್ತು. ಆ ಉದ್ದನೆಯ 'ಎಸ್' ಅಕ್ಷರವೇ ನಮ್ಮ ಹಾವು! ವ್ಯತ್ಯಾಸಕ್ಕೆ 'ಡಿ' ಎಂಬ ಅಕ್ಷರ ಇಟ್ಟ. ಅವನು ಬರೆದ ಹಾಳೆಗಳು ಇಂದಿಗೂ ಹ್ಯಾನೋವರ್‌ನಲ್ಲಿ ಭದ್ರವಾಗಿವೆ. ಪಿಯುಸಿ ಹುಡುಗರು ಓದುವ ಅವಕಲನ, ಅನುಕಲನ ಎಂಬ ಎರಡು ಪಾಠಗಳ ಗುರುತು ಹುಟ್ಟಿದ್ದು ಹೀಗೆ.

ಆ ಹಾಳೆಗಳಲ್ಲಿ ನನಗೆ ಬಹಳ ಹಿಡಿಸಿದ ವಿಷಯ ಬೇರೆ ಇದೆ. ಎರಡು ವಾರದ ಮೇಲೆ ಬರೆದ ಹಾಳೆಯಲ್ಲಿ ಅವನೊಂದು ಪ್ರಶ್ನೆ ಹಾಕಿಕೊಂಡಿದ್ದಾನೆ. ಎರಡು ಅಳತೆಗಳನ್ನು ಗುಣಿಸಿದಾಗ ಬರುವುದರ ವ್ಯತ್ಯಾಸ, ಅವೆರಡರ ವ್ಯತ್ಯಾಸಗಳ ಗುಣಲಬ್ಧವೇ? ನಮಗೆ ತಿಳಿಯುವಂತೆ ಹೇಳುತ್ತೇನೆ. 10 ಅಡಿ ಉದ್ದ, 5 ಅಡಿ ಅಗಲದ ಕೋಣೆ 50 ಚದರಡಿ. ಎರಡೂ ಕಡೆ ಒಂದೊಂದು ಅಡಿ ಹೆಚ್ಚಿಸಿದರೆ ಜಾಗ ಎಷ್ಟು ಹೆಚ್ಚಿತು? ಒಂದನ್ನು ಒಂದರಿಂದ ಗುಣಿಸಿ ಒಂದು ಚದರಡಿ ಎನ್ನೋಣವೇ? 11ನ್ನು 6ರಿಂದ ಗುಣಿಸಿದರೆ 66. ಹೆಚ್ಚಿದ್ದು 16! ಉದ್ದದ ಗೋಡೆಯ ಕಡೆ 10, ಅಗಲದ ಕಡೆ 5, ಮೂಲೆಯಲ್ಲಿ 1. ಲೈಬ್ನಿಜ್ ಕೂಡ ಒಂದು ಉದಾಹರಣೆ ಹಾಕಿ ನೋಡಿ, ಹಾಗಲ್ಲ ಎಂದು ತಾನೇ ತಿಳಿದುಕೊಂಡ. ಇಂದು ಯಾವ ವಿದ್ಯಾರ್ಥಿಯಾದರೂ ಮಾಡಬಹುದಾದ ತಪ್ಪನ್ನು ಕಲನಶಾಸ್ತ್ರ ಕಟ್ಟಿದವನೂ ಒಂದು ಗಳಿಗೆ ಯೋಚಿಸಿದ್ದ. ತಪ್ಪಿದ ಹಾಳೆಯನ್ನು ಅವನು ಹರಿದು ಬಿಸಾಡಲಿಲ್ಲ. ಸೋಫಾದ ಹಿಂದೆ ಬಚ್ಚಿಡಲೂ ಇಲ್ಲ.

ಕೊನೆಯ ಶಿಲ್ಕು

1676ರಲ್ಲಿ ಪ್ಯಾರಿಸ್ ಬಿಟ್ಟು ಲೈಬ್ನಿಜ್ ಹ್ಯಾನೋವರ್ ಸಂಸ್ಥಾನದಲ್ಲಿ ಗ್ರಂಥಪಾಲಕನೂ ಸಲಹೆಗಾರನೂ ಆಗಿ ಸೇರಿದ. ಬಾಳಿನ ಉಳಿದ ನಲವತ್ತು ವರ್ಷವೂ ಅದೇ ಚಾಕರಿ. ಕಲನಶಾಸ್ತ್ರವನ್ನು ಅಚ್ಚು ಹಾಕಿಸಿದ್ದು 1684ರಲ್ಲಿ, ಕೆಲವೇ ಪುಟಗಳ ಲೇಖನವಾಗಿ. ಒಂದು ಮತ್ತು ಸೊನ್ನೆ ಎರಡೇ ಅಂಕಿಗಳಿಂದ ಎಲ್ಲ ಸಂಖ್ಯೆ ಬರೆಯುವ ಕ್ರಮವನ್ನೂ ಬೆಳೆಸಿದ. ಅದನ್ನು ವಿವರಿಸುವ ಅವನ ಲೇಖನ ಬಂದದ್ದು 1703ನೇ ವರ್ಷದ ಸಂಪುಟದಲ್ಲಿ. ಆ ಕ್ರಮದಲ್ಲಿ 13 ಎಂದರೆ 1101. ಇಂದು ಮನೆಯ ಮೊಬೈಲು, ಬ್ಯಾಂಕಿನ ಕಂಪ್ಯೂಟರು ಎಲ್ಲದರ ಹೊಟ್ಟೆಯೊಳಗೆ ನಡೆಯುವ ಲೆಕ್ಕ ಒಂದು ಸೊನ್ನೆಗಳದ್ದೇ.

ಅವನ ಹಳೆಯ ಕನಸು, ಯೋಚನೆಯ ವರ್ಣಮಾಲೆ, ಪೂರ್ತಿ ಕೈಗೂಡಲಿಲ್ಲ. ಸರಿಯಾದ ಗುರುತುಗಳಿದ್ದರೆ ಇಬ್ಬರು ಜಗಳವಾಡುವ ಬದಲು ಕೂತು ಲೆಕ್ಕ ಹಾಕಿ ಯಾರು ಸರಿ ಎಂದು ತೀರ್ಮಾನಿಸಬಹುದು ಎಂದು ಅವನು ನಂಬಿದ್ದ. ಅಣ್ಣತಮ್ಮಂದಿರ ಆಸ್ತಿ ಪಾಲು ಕಂಡ ನಮ್ಮಂಥವರಿಗೆ ಇದು ನಗು ತರಿಸಬಹುದು. ಆದರೆ ಆ ಕನಸಿನಿಂದಲೇ ಅವನಿಗೆ ಗುರುತುಗಳ ಬೆಲೆ ತಿಳಿದದ್ದು. ಒಳ್ಳೆಯ ಗುರುತು ಅರ್ಧ ಕೆಲಸವನ್ನು ತಾನೇ ಮಾಡಿಕೊಡುತ್ತದೆ. ಹನ್ನೆರಡು ಕಾಲಂ ಸರಿಯಾಗಿ ಎಳೆದ ಲೆಡ್ಜರಿನಲ್ಲಿ ತಪ್ಪು ಬೇಗ ಸಿಗುತ್ತದಲ್ಲ, ಹಾಗೆ.

ದುಃಖದ ಸಂಗತಿಯೆಂದರೆ ಪೆಲ್ ಮುಂದೆ ಆದ ಮುಖಭಂಗ ಕೊನೆಗಾಲದಲ್ಲಿ ದೊಡ್ಡದಾಗಿ ಮರಳಿ ಬಂತು. ಇಂಗ್ಲೆಂಡಿನ ನ್ಯೂಟನ್ ಹತ್ತು ವರ್ಷ ಮುಂಚೆಯೇ, 1665-66ರ ಸುಮಾರಿಗೆ, ಇದೇ ಗಣಿತವನ್ನು ತನ್ನದೇ ದಾರಿಯಲ್ಲಿ ಕಂಡಿದ್ದ. ಆದರೆ ಅಚ್ಚು ಹಾಕಿಸಿರಲಿಲ್ಲ. ಯಾರು ಮೊದಲು, ಯಾರು ಕದ್ದವರು ಎಂದು ಜಗಳ ಹತ್ತಿತು. 1712ರಲ್ಲಿ ರಾಯಲ್ ಸೊಸೈಟಿ ವಿಚಾರಣೆಗೆ ಸಮಿತಿ ಮಾಡಿತು. ಸೊಸೈಟಿಯ ಅಧ್ಯಕ್ಷ ಸ್ವತಃ ನ್ಯೂಟನ್! ತೀರ್ಪು ಯಾರ ಕಡೆ ಬಂತೆಂದು ಹೇಳಬೇಕಿಲ್ಲ. ಇಂದು ವಿದ್ವಾಂಸರು ಒಪ್ಪುವುದು, ಇಬ್ಬರೂ ಸ್ವಂತವಾಗಿಯೇ ಕಂಡುಕೊಂಡರು ಎಂದು. 1716ರ ನವೆಂಬರ್ 14ರಂದು ಲೈಬ್ನಿಜ್ ಹ್ಯಾನೋವರ್‌ನಲ್ಲಿ ತೀರಿಕೊಂಡ. ಮದುವೆಯಾಗಿರಲಿಲ್ಲ. ಸಂಸ್ಕಾರಕ್ಕೆ ಬಂದವರು ಬಹಳ ಕಡಿಮೆ. ಆದರೆ ಇಂದು ಪ್ರಪಂಚದ ಎಲ್ಲ ಕಾಲೇಜುಗಳ ಕಪ್ಪುಹಲಗೆಯ ಮೇಲೂ ಅವನು ಎಳೆದ ಹಾವೇ ಆಡುತ್ತಿದೆ.

ಕಥೆ ಮುಗಿದ ಎರಡು ದಿನಕ್ಕೆ, ಆಯುಧಪೂಜೆಯ ಸಂಜೆ, ಮೊಮ್ಮಗಳು ಒಂದು ಹಾಳೆ ಹಿಡಿದು ಬಂದಳು.

"ತಾತ, ವರ್ಗ ಸಂಖ್ಯೆ ಬದಲು ನಾನು ಘನ ಸಂಖ್ಯೆ ತಗೊಂಡೆ. 1, 8, 27, 64, 125. ವ್ಯತ್ಯಾಸ 7, 19, 37, 61. ಅದರ ವ್ಯತ್ಯಾಸ 12, 18, 24. ಅದರದ್ದೂ ತೆಗೆದ್ರೆ ಬರೀ ಆರು! ಮುಂದಿನ ಘನ ಸಂಖ್ಯೆ ತಗೊಂಡ್ರೂ ಆರೇ!"

ಹಾಳೆಯಲ್ಲಿ ಎರಡು ಕಡೆ ಹೊಡೆದು ಹಾಕಿ ತಿದ್ದಿದ ಗುರುತಿತ್ತು. ನಾನು ಬಾಲ್ ಪೆನ್ನು ತೆಗೆದು, ಬ್ಯಾಂಕಿನಲ್ಲಿ ಮಾಡುತ್ತಿದ್ದ ಹಾಗೆ, ಒಂದೊಂದು ಅಂಕಿಗೂ ಟಿಕ್ ಹಾಕುತ್ತಾ ಪರಿಶೀಲಿಸಿದೆ. ಎಲ್ಲ ಸರಿಯಿತ್ತು. ಈಗ ನನಗೊಂದು ಇಕ್ಕಟ್ಟು. ಇದು ಮೊದಲೇ ಗೊತ್ತಿರುವ ಸಂಗತಿ. ಲೈಬ್ನಿಜ್ ಲಂಡನ್ನಿನಲ್ಲಿ ಹೇಳಲು ಹೊರಟಿದ್ದ ವಿಷಯದ ಪೈಕಿಯದೇ ಇದು. ಹೇಳಬೇಕೋ ಬೇಡವೋ? ಸುಳ್ಳು ಲೆಕ್ಕ ಬರೆದು ಅಭ್ಯಾಸವಿಲ್ಲ. ಹೇಳಿಬಿಟ್ಟೆ.

"ಪುಟ್ಟೀ, ಇದನ್ನ ಬೇರೆಯವರು ಮುಂಚೇನೇ ಕಂಡುಹಿಡಿದಿದ್ದಾರೆ ಕಣೇ."

ಅವಳು ಒಂದು ಕ್ಷಣ ಸುಮ್ಮನಿದ್ದು, "ಲೈಬ್ನಿಜ್‌ಗೂ ಹಂಗೇ ಆಯ್ತಲ್ವಾ ತಾತ?" ಎಂದು ಹಾಳೆ ವಾಪಸು ಕಿತ್ತುಕೊಂಡು, ನಾಲ್ಕನೇ ಘಾತ ತೆಗೆದುಕೊಂಡರೆ ಏನು ಬರುತ್ತದೆಂದು ನೋಡಲು ಹೋದಳು.

ಮಕ್ಕಳೇ, ನೀವೂ ನೋಡಿ. ಕೊನೆಯ ಸಾಲಿನಲ್ಲಿ ಬರುವ ಸಂಖ್ಯೆಯನ್ನು ನಾನು ಹೇಳುವುದಿಲ್ಲ. ಹಿರಿಯರೇ, ನೀವು ಹತ್ತಿರ ಕುಳಿತು ಟಿಕ್ ಹಾಕಿ.